ಸಾಸಲಿನ ಕಡೆ ಅಣಬೆಯ ಪಟ ತೆಗೆಯಲು ಹೋಗಿ

ಹುಬ್ಬೆ ಮಳೆ ಹಿಡಿದ ನಾಲ್ಕನೆಯ ದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ದೊಡ್ಡಬಳ್ಳಾಪುರದ ಕಡೆ ಹೋಗುವ ರೈಲು ಹತ್ತಿದೆ. ಯುದ್ಧ ಇನ್ನೂ ಮುಗಿದಿರಲಿಲ್ಲ. ಮೂರನೆಯ ದರ್ಜೆಯ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲದೆ, ಬಾಗಿಲ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಕ್ಯಾಮೆರಾದ ಪೆಟ್ಟಿಗೆಯನ್ನು ಎರಡು ಮಂಡಿಗಳ ನಡುವೆ ಅವುಚಿಕೊಂಡಿದ್ದೆ. ಪೆಟ್ಟಿಗೆಯಲ್ಲಿ ಹನ್ನೆರಡು ಗಾಜಿನ ಪ್ಲೇಟುಗಳಿದ್ದವು. ಆ ವರ್ಷ ಫೋಟೋ ಸಾಮಾನು ಪೇಟೆಯಲ್ಲಿ ಸಿಗುತ್ತಿರಲಿಲ್ಲ. ನಮ್ಮ ಪ್ರೊಫೆಸರು ಯಾರ್‍ಯಾರನ್ನೋ ಕೇಳಿ ಅವನ್ನು ಹೊಂದಿಸಿಕೊಟ್ಟಿದ್ದರು. ಒಂದು ಒಡೆದರೂ ಅವರಿಗೆ ಮುಖ ತೋರಿಸುವ ಹಾಗಿರಲಿಲ್ಲ.

ನಾನು ಕಾಲೇಜಿನ ಸಸ್ಯಶಾಸ್ತ್ರದ ಪ್ರಯೋಗಶಾಲೆಯಲ್ಲಿ ಸಹಾಯಕನಾಗಿದ್ದೆ. ಕೆಲಸ ಖಾಯಂ ಆಗಿರಲಿಲ್ಲ. ಅಕ್ಕಿ ರೇಷನ್ನಿಗೆ ಬಂದಿದ್ದ ಕಾಲ ಅದು. ಹೊಲಗದ್ದೆಗಳ ಬದುವಿನಲ್ಲಿ ತಾನಾಗಿ ಏಳುವ ಅಣಬೆಯಲ್ಲಿ ತಿನ್ನುವಂಥದ್ದು ಯಾವುದು, ತಿನ್ನಬಾರದ್ದು ಯಾವುದು ಎಂದು ಚಿತ್ರಗಳ ಸಮೇತ ಒಂದು ಚಿಕ್ಕ ಪುಸ್ತಕ ಮಾಡಿದರೆ ಜನಕ್ಕೆ ಉಪಯೋಗವಾಗುತ್ತದೆ ಎಂದು ಪ್ರೊಫೆಸರಿಗೆ ಹೊಳೆದಿತ್ತು. ಚಿತ್ರ ತೆಗೆಯುವ ಕೆಲಸ ನನಗೆ ಬಂತು. ನಮ್ಮ ಮನೆಯಲ್ಲಿ ಅಣಬೆಯನ್ನು ಹೊಸಿಲೊಳಗೆ ತರುತ್ತಿರಲಿಲ್ಲ. ಅದರ ರುಚಿ ಏನೆಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

ಯಲಹಂಕ ದಾಟಿದ ಮೇಲೆ ಮೋಡ ಸ್ವಲ್ಪ ಹರಿದು, ತೊಳೆದಿಟ್ಟಂಥ ರಾಗಿ ಹೊಲಗಳು ಕಂಡವು. ಸಾಲು ಬಿಟ್ಟು ಸಾಲು ಅವರೆ ಬಳ್ಳಿ ಎದ್ದಿತ್ತು. ದೊಡ್ಡಬಳ್ಳಾಪುರದಲ್ಲಿ ಇಳಿದಾಗ ಮಧ್ಯಾಹ್ನ. ಊರೊಳಗೆ ನಡೆದರೆ ಪ್ರತಿ ಮನೆಯಿಂದಲೂ ಮಗ್ಗದ ಸದ್ದು. ಆ ದಿನ ಮುಂದಕ್ಕೆ ಹೋಗಲು ಗಾಡಿ ಸಿಗಲಿಲ್ಲ. ಛತ್ರದಲ್ಲಿ ಉಳಿದು, ಹೋಟೆಲಿನಲ್ಲಿ ಇಡ್ಲಿ ತಿಂದು, ಬೆಲ್ಲದ ಕಾಫಿ ಕುಡಿದೆ. ಸಕ್ಕರೆ ಬಂದು ಎರಡು ವಾರವಾಯಿತು ಎಂದು ಹೋಟೆಲಿನವರು ತಾವಾಗಿಯೇ ಹೇಳಿದರು.

ಮಾರನೆಯ ದಿನ ಹೊತ್ತು ಹುಟ್ಟುವ ಮುಂಚೆ ಎತ್ತಿನ ಗಾಡಿಯಲ್ಲಿ ಹೊರಟೆ. ದೊಡ್ಡಬೆಳವಂಗಲದಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಅಲ್ಲಿಂದ ಸಾಸಲಿನ ಕಡೆ ತಿರುಗಿದೆವು. ದಾರಿ ಎನ್ನುವುದಕ್ಕಿಂತ ಕೆಮ್ಮಣ್ಣಿನ ಕೆಸರು ಎನ್ನಬೇಕು. ಎರಡು ಕಡೆ ನಾನೂ ಇಳಿದು ಚಕ್ರಕ್ಕೆ ಹೆಗಲು ಕೊಟ್ಟೆ. ಸಂಜೆಯ ಹೊತ್ತಿಗೆ ಸಾಸಲು ದಾಟಿ, ಅಲ್ಲಿಗೆ ಎರಡು ಮೈಲಿ ದೂರದ ಒಂದು ಹಳ್ಳಿ ಸೇರಿದೆವು. ಆ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಇಳಿದುಕೊಳ್ಳಲು ಮುನಿಶಾಮಪ್ಪ ಎಂಬ ಗೌಡರಿಗೆ ಪ್ರೊಫೆಸರು ಪತ್ರ ಬರೆದಿದ್ದರು. ಐವತ್ತರ ಆಚೀಚಿನ, ಕಡಿಮೆ ಮಾತಿನ ಮನುಷ್ಯ. ಅವರ ಹೆಂಡತಿ ಸಾಕಮ್ಮ ಕಾಲಿಗೆ ಬಿಸಿನೀರು ಕೊಟ್ಟು, ಜಗಲಿಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿದರು. ನಾನು ಅಣಬೆ ತಿನ್ನುವುದಿಲ್ಲ ಎಂದು ಗೊತ್ತಾದಾಗ ಗಂಡ ಹೆಂಡತಿ ಇಬ್ಬರೂ ನಕ್ಕರು. ತಿನ್ನದವರು ಅದರ ಪಟ ಹಿಡಿಯಲು ಇಷ್ಟು ದೂರ ಬರುವುದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು.

ಅಣಬೆಯ ವಿಷಯಕ್ಕೆ ಅಕ್ಕಯ್ಯಮ್ಮನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಎಂದು ಸಾಕಮ್ಮ ಹೇಳಿದರು. ಬೆಳಿಗ್ಗೆ ಅಕ್ಕಯ್ಯಮ್ಮ ತಾನೇ ಬಂದಳು. ಅರವತ್ತು ದಾಟಿದ ವಿಧವೆ. ಸಣ್ಣ ಆಳು, ಬರಿಗಾಲು, ತಲೆಯ ಮೇಲೆ ಬಿದಿರಿನ ಮಂಕರಿ. ಊರಿನಲ್ಲಿ ಅವಳಿಗೆ ಅಂಥ ಆಸ್ತಿ ಏನೂ ಇರಲಿಲ್ಲ. ಎರಡು ಮೇಕೆ, ಒಂದು ಗುಡಿಸಲು. ಆದರೆ ಮಳೆಗಾಲ ಬಂತೆಂದರೆ ಯಾರ ಮನೆಯ ಅಣಬೆಯಾದರೂ ಒಲೆ ಹತ್ತುವ ಮೊದಲು ಅವಳ ಮುಂದೆ ಬರಬೇಕಾಗಿತ್ತು. ದೊಡ್ಡ ಮನೆಗಳ ಹೆಂಗಸರೂ ಮೊರದಲ್ಲಿ ತಂದು ಅವಳ ಗುಡಿಸಲ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ. ಅವಳು ಬೆರಳಿನಿಂದ ತಿರುವಿ, ಬೇಡದ್ದನ್ನು ತೆಗೆದು ಬಿಸಾಡಿ, 'ಹೋಗಿ, ಉಣ್ಣಿ' ಅನ್ನುತ್ತಿದ್ದಳು. ಅವಳೇ ಕಿತ್ತು ತಂದದ್ದನ್ನಂತೂ ಯಾರೂ ಮತ್ತೊಮ್ಮೆ ನೋಡುವ ಪದ್ಧತಿಯೇ ಇರಲಿಲ್ಲ.

ಆ ಇಡೀ ದಿನ ಅವಳ ಹಿಂದೆ ತಿರುಗಿದೆ. ಹೊಂಗೆ ತೋಪಿನ ಅಂಚಿನಲ್ಲಿ, ತಂಗಡಿ ಪೊದೆಗಳ ನಡುವೆ ಹುತ್ತಗಳಿದ್ದವು. ಹುತ್ತದ ಬುಡದಲ್ಲಿ ನೆಲ ಬಿರಿದು, ಮೊನೆಯುಳ್ಳ ಬೂದು ಬಣ್ಣದ ಕೊಡೆಗಳು ಗುಂಪುಗುಂಪಾಗಿ ಎದ್ದಿದ್ದವು. ಅವಳು ಒಂದನ್ನೂ ಸೆಳೆದು ಕೀಳಲಿಲ್ಲ. ಕಡ್ಡಿಯಿಂದ ಮಣ್ಣು ಬಿಡಿಸಿ, ಮೊಳದುದ್ದ ಕೆಳಗೆ ಇಳಿದಿದ್ದ ಬೇರನ್ನು ಮುರಿಯದಂತೆ ಎತ್ತಿ ನನಗೆ ತೋರಿಸಿದಳು. ನಾನು ಸ್ಟ್ಯಾಂಡನ್ನು ತಗ್ಗಿಸಿ ನೆಲದ ಮಟ್ಟಕ್ಕೆ ಕ್ಯಾಮೆರಾ ಇಟ್ಟು, ಗಾಳಿ ನಿಲ್ಲುವುದನ್ನು ಕಾಯುತ್ತಿದ್ದೆ. ಮೋಡದ ಬೆಳಕಿಗೆ ನಾಲ್ಕೈದು ಸೆಕೆಂಡು ಬೇಕಾಗುತ್ತಿತ್ತು. ನಾನು ಕಾಯುವಾಗ ಅವಳೂ ಉಸಿರು ಹಿಡಿದು ನಿಲ್ಲುತ್ತಿದ್ದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಬರುವಾಗ ಗೋಮಾಳದಲ್ಲಿ, ದನ ಮೇಯುವ ಹುಲ್ಲಿನ ನಡುವೆ ತಟ್ಟೆಯಗಲದ ಬಿಳಿ ಅಣಬೆಗಳನ್ನು ಕಂಡೆ. ನನ್ನ ಕಣ್ಣಿಗೆ ಅವೂ ಒಳ್ಳೆಯವೇ. ಅಕ್ಕಯ್ಯಮ್ಮ ಕಾಲು ದೂರ ಇಟ್ಟು ನಡೆದಳು.

"ಅದು ನಾಯಿಕೊಡೆ ಸ್ವಾಮಿ. ಕಾಲು ನೋಡಿ, ಬಳೆ ತೊಟ್ಟೈತೆ. ಹುತ್ತದ್ದಕ್ಕೆ ಬಳೆ ಇರಾಕಿಲ್ಲ, ಬೇರು ಇರ್ತೈತೆ. ತಲೆ ನೋಡಿ ಮೋಸ ಹೋಗ್ಬ್ಯಾಡಿ, ಯಾವಾಗ್ಲೂ ಕಾಲು ನೋಡಿ."

ಅಣಬೆಯ ಕಡ್ಡಿಗೆ ಅವಳು ಕಾಲು ಎನ್ನುತ್ತಿದ್ದಳು. ನೋಡಿದರೆ ನಿಜವೇ. ಕಡ್ಡಿಯ ಮೇಲ್ಭಾಗದಲ್ಲಿ ಸಡಿಲವಾದ ಒಂದು ಉಂಗುರವಿತ್ತು. ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಪ್ರೊಫೆಸರು ಮುಖ್ಯವಾಗಿ ಕೇಳಿದ್ದ ಚಿತ್ರವೂ ಇದೇ ಆಗಿತ್ತು. ತಿನ್ನುವ ಅಣಬೆ, ಅದರಂತೆಯೇ ಕಂಡು ಮೋಸ ಮಾಡುವ ಅಣಬೆ, ಎರಡೂ ಒಂದೇ ಪ್ಲೇಟಿನಲ್ಲಿ ಅಕ್ಕಪಕ್ಕ ಬರಬೇಕು ಎಂದಿದ್ದರು.

ಮಾರನೆಯ ದಿನ, ಪ್ರವಾಸದ ನಾಲ್ಕನೆಯ ದಿನ, ಆ ಚಿತ್ರಕ್ಕೆಂದೇ ಹೋದೆವು. ಅಕ್ಕಯ್ಯಮ್ಮ ಎರಡು ಹುತ್ತಗಳಿಂದ ಅರ್ಧ ಮಂಕರಿ ಅಣಬೆ ಕಿತ್ತಿದ್ದಳು. ಅವಳಿಂದ ಐದಾರು ಕೇಳಿ ಇಟ್ಟುಕೊಂಡೆ. ಗೋಮಾಳಕ್ಕೆ ಹೋಗಿ ಎಳೆಯ ನಾಯಿಕೊಡೆಗಳನ್ನೂ ಐದಾರು ಕಿತ್ತು ತಂದೆ. ಅದನ್ನು ಮುಟ್ಟಿದ ಕೈಯನ್ನು ತೊಳೆದುಕೊಳ್ಳಿ ಎಂದು ಅವಳು ನೆನಪು ಮಾಡಿದಳು. ಆಮೇಲೆ ಮಂಕರಿಯನ್ನು ನನ್ನ ಪಕ್ಕ ಇಟ್ಟು, ಬಂಡೆಯ ಆಚೆಗೆ ಇನ್ನೊಂದು ಹುತ್ತವಿದೆ, ನೋಡಿ ಬರುತ್ತೇನೆ ಎಂದು ಹೋದಳು.

ನಾನು ಕ್ಯಾಮೆರಾಕ್ಕೆ ಹೊದಿಸುವ ಕಪ್ಪು ಬಟ್ಟೆಯನ್ನು ಬಂಡೆಯ ಮೇಲೆ ಹಾಸಿ, ಅದರ ಮೇಲೆ ಅಣಬೆಗಳನ್ನು ಜೋಡಿಸಿದೆ. ಕಾಲುಗಳು ಅಡ್ಡ ಬಂದು ತಲೆಗಳು ಸಮನಾಗಿ ಕೂರಲಿಲ್ಲ. ಚಾಕು ತೆಗೆದು ಎಲ್ಲದರ ಕಾಲನ್ನೂ ಬುಡಕ್ಕೆ ಕತ್ತರಿಸಿದೆ. ಬಳೆಯಿದ್ದ ಕಾಲುಗಳ ಚಿತ್ರವನ್ನು ಬೇರೆ ತೆಗೆಯೋಣವೆಂದು ಕೋಟಿನ ಜೇಬಿಗೆ ಹಾಕಿಕೊಂಡೆ. ತಲೆಗಳನ್ನು ಒಂದು ಬಿಟ್ಟು ಒಂದರಂತೆ, ಒಳ್ಳೆಯದು ಕೆಟ್ಟದ್ದು, ಒಳ್ಳೆಯದು ಕೆಟ್ಟದ್ದು ಎಂದು ಇಟ್ಟೆ. ಬೆಳಕು ಚೆನ್ನಾಗಿತ್ತು. ಎರಡು ಪ್ಲೇಟು ತೆಗೆದೆ. ಇಷ್ಟು ಒಳ್ಳೆಯ ಚಿತ್ರ ಇಡೀ ಪ್ರವಾಸದಲ್ಲಿ ಬಂದಿಲ್ಲ ಎಂದು ಆಗಲೇ ಅನ್ನಿಸಿತು.

ಎರಡನೆಯ ಪ್ಲೇಟು ಮುಚ್ಚುವಷ್ಟರಲ್ಲಿ ಮಾಕಳಿ ಬೆಟ್ಟದ ಕಡೆಯಿಂದ ಮಳೆ ಬಂತು. ಹನಿಯಲ್ಲ, ಒಮ್ಮೆಲೇ ಸುರಿಯಿತು. ಕ್ಯಾಮೆರಾಕ್ಕೆ ಹೊದಿಸಲು ನನಗಿದ್ದದ್ದು ಆ ಕಪ್ಪು ಬಟ್ಟೆ ಒಂದೇ. ಬಟ್ಟೆಯ ನಾಲ್ಕು ಮೂಲೆ ಹಿಡಿದು ಎತ್ತಿ, ಅದರಲ್ಲಿದ್ದುದನ್ನೆಲ್ಲ ಪಕ್ಕದ ಮಂಕರಿಗೆ ಸುರಿದೆ. ಮನೆಗೆ ಹೋಗಿ ಬೇರೆ ಮಾಡಿದರಾಯಿತು ಎಂದುಕೊಂಡೆ. ಖಂಡಿತವಾಗಿ ಅಂದುಕೊಂಡೆ. ಆಮೇಲೆ ಕ್ಯಾಮೆರಾ, ಪ್ಲೇಟಿನ ಪೆಟ್ಟಿಗೆ ಎರಡನ್ನೂ ಸುತ್ತಿ ಎದೆಗೆ ಅವುಚಿಕೊಂಡು ಊರ ಕಡೆ ಓಡಿದೆ. ಅಕ್ಕಯ್ಯಮ್ಮ ಬಂಡೆಯ ಆಚೆಯಿಂದ ಬಂದು, ಮಂಕರಿಯನ್ನು ತಲೆಗೇರಿಸಿ ಹಿಂದೆಯೇ ಬಂದಳು.

ಮನೆ ಸೇರಿದವನೇ ಕೋಣೆಯ ಬಾಗಿಲು ಹಾಕಿಕೊಂಡು ಪೆಟ್ಟಿಗೆ ಬಿಚ್ಚಿದೆ. ಒಳಗೆ ತೇವ ಹೋಗಿರಲಿಲ್ಲ. ಒಂದೊಂದೇ ಪ್ಲೇಟಿನ ಚೌಕಟ್ಟನ್ನು ಒರೆಸಿ, ಕಾಗದ ಸುತ್ತಿ, ಮತ್ತೆ ಜೋಡಿಸಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಊಟಕ್ಕೆ ಕರೆದರು. ನನಗೆ ಅನ್ನ, ಮಜ್ಜಿಗೆ, ಉಪ್ಪಿನಕಾಯಿ. ಮುನಿಶಾಮಪ್ಪ ಎದುರಿಗೆ ಕೂತು ಮುದ್ದೆ ಮುರಿದು ಅಣಬೆ ಸಾರಿನಲ್ಲಿ ಅದ್ದುತ್ತಿದ್ದರು. ಸಾರಿನ ವಾಸನೆ ಚೆನ್ನಾಗಿದೆ ಎಂದು ನಾನೇ ಹೇಳಿದೆ. ತಿಂದು ನೋಡಬಹುದಿತ್ತು ಎಂದು ಅವರು ಹಾಸ್ಯ ಮಾಡಿದರು. ಮಂಕರಿಯ ನೆನಪು ಆಗಲೂ ನನಗೆ ಬರಲಿಲ್ಲ. ಅಕ್ಕಯ್ಯಮ್ಮನ ಪಾಲಿನ ಸಾರನ್ನು ಸಾಕಮ್ಮ ಒಂದು ಕುಡಿಕೆಯಲ್ಲಿ ಹಾಕಿ ಕೊಟ್ಟು ಕಳಿಸಿದ್ದರಂತೆ.

ಊಟವಾಗಿ ಎರಡು ಗಂಟೆ ಕಳೆದಿರಬಹುದು. ಸಾಕಮ್ಮ ಹಿತ್ತಿಲಿಗೆ ಓಡಿದ ಸದ್ದು ಕೇಳಿಸಿತು. ಅವರು ವಾಂತಿ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುನಿಶಾಮಪ್ಪನವರಿಗೂ ಹೊಟ್ಟೆ ಹಿಡಿದುಕೊಂಡಿತು. ಆಗ ನನ್ನ ಕೈ ಕೋಟಿನ ಜೇಬಿಗೆ ಹೋಯಿತು. ಕಾಲುಗಳು ಅಲ್ಲೇ ಇದ್ದವು. ಬಳೆ ಸಮೇತ ಐದೂ ಇದ್ದವು. ಅಡುಗೆಮನೆಯ ಹೊರಗೆ ಮಂಕರಿ ಬೋರಲು ಬಿದ್ದಿತ್ತು, ಖಾಲಿ.

ನಾನು ಓಡಿಹೋಗಿ ಊರಿನ ನಾಟಿ ವೈದ್ಯರನ್ನು ಕರೆತಂದೆ. ಅಷ್ಟು ಮಾತ್ರ ಸರಿಯಾಗಿ ಮಾಡಿದೆ. ಅವರು ಇಬ್ಬರಿಗೂ ಉಪ್ಪುನೀರು ಕುಡಿಸಿ ಇದ್ದುದನ್ನೆಲ್ಲ ಕಕ್ಕಿಸಿದರು. ಸಾಕಮ್ಮನ ಕೈಕಾಲು ತಣ್ಣಗಾಗಿ, ಕಣ್ಣು ಮೇಲಾಯಿತು. ಅಕ್ಕಯ್ಯಮ್ಮನ ಗುಡಿಸಲಿಗೂ ಹೋಗಿ ನೋಡಿದೆವು. ಅವಳು ನೆಲದ ಮೇಲೆ ಮುದುಡಿಕೊಂಡು ಮಲಗಿದ್ದಳು. ಪಕ್ಕದ ಮನೆಯವರು ನೀರು ಕುಡಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮೂವರಿಗೂ ವಾಂತಿ ಹಿಡಿತಕ್ಕೆ ಬಂತು. ಜೀವಕ್ಕೆ ಭಯವಿಲ್ಲ ಎಂದು ವೈದ್ಯರು ಹೇಳಿದರು. ನಾನು ಹಿತ್ತಿಲಿಗೆ ಹೋಗಿ, ಜೇಬಿನಲ್ಲಿದ್ದ ಕಾಲುಗಳನ್ನು ತೆಗೆದು, ತಿಪ್ಪೆಯ ಗೊಬ್ಬರದೊಳಗೆ ಕೈಯಿಟ್ಟು ಹೂತೆ.

ಬೆಳಿಗ್ಗೆ ಮುನಿಶಾಮಪ್ಪ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು. ಮುಖ ಒಂದೇ ದಿನಕ್ಕೆ ಬತ್ತಿಹೋಗಿತ್ತು. ಅವರು ಸಿಟ್ಟಿನಿಂದ ಕೇಳಲಿಲ್ಲ. ಅತಿಥಿಯನ್ನು ಕೇಳುವ ಹಾಗೆ, ಸಂಕೋಚಪಟ್ಟುಕೊಂಡೇ ಕೇಳಿದರು.

"ಸ್ವಾಮಿ, ನೀವು ಪಟಕ್ಕೆ ಅಂತ ನಾಯಿಕೊಡೆ ಕಿತ್ತಿದ್ರಂತೆ. ಅದೇನಾದ್ರೂ ಬೆರ್‍ತೋಯ್ತಾ?"

"ಇಲ್ಲ," ಎಂದೆ. "ನಾನು ಅದನ್ನು ಬೇರೆ ಇಟ್ಟಿದ್ದೆ. ಅಲ್ಲೇ ಬಿಸಾಡಿ ಬಂದೆ."

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಕೆಲಸ ಖಾಯಂ ಆಗುವುದು ಪ್ರೊಫೆಸರ ಕೈಯಲ್ಲಿತ್ತು. ಜನಕ್ಕೆ ತಿನ್ನುವ ಅಣಬೆ ಯಾವುದೆಂದು ಹೇಳಿಕೊಡಲು ಹೋದವನು ಉಣ್ಣಿಸಿದ ಮನೆಗೇ ವಿಷ ಹಾಕಿ ಬಂದ ಎನ್ನುವ ಸುದ್ದಿ ಅವರಿಗೆ ಮುಟ್ಟಿದರೆ ಏನಾಗುತ್ತದೆ ಎಂದು ಹೆದರಿದೆ. ಇದು ಕಾರಣವಷ್ಟೇ, ಸಮಾಧಾನವಲ್ಲ. ಮುನಿಶಾಮಪ್ಪ ನನ್ನ ಮಾತನ್ನು ಎರಡನೆಯ ಸಲ ಕೇಳಲಿಲ್ಲ. ತಲೆಯಾಡಿಸಿ, ಪಾಪ, ಮುದುಕಿಗೆ ವಯಸ್ಸಾಯಿತು, ಕಣ್ಣು ಮೊದಲಿನ ಹಾಗಿಲ್ಲ ಎಂದರು.

ಮಧ್ಯಾಹ್ನದೊಳಗೆ ಅದು ಊರ ಮಾತಾಯಿತು. ಯಾರೂ ಅಕ್ಕಯ್ಯಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಅವಳ ಮುಂದೆ ತಗ್ಗಿದ ದನಿಯಲ್ಲಿ ಮಾತಾಡಿದರು, ಮಜ್ಜಿಗೆ ತಂದುಕೊಟ್ಟರು. ನಾನೂ ಹೋಗಿ ಅವಳ ಬಾಗಿಲಲ್ಲಿ ಕೂತೆ. ಅವಳು ಬಲಗೈಯನ್ನು ಮುಖದ ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡುತ್ತಿದ್ದಳು. ತನ್ನ ಕಣ್ಣನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಳು.

"ನೀವು ಬೇರೆ ಇಟ್ಟಿದ್ರಿ ಅಂದ್ಮೇಲೆ ನಾನೇ ಕಿತ್ತಿರ್ಬೇಕು ಸ್ವಾಮಿ," ಎಂದಳು. "ಆದ್ರೆ ನಂಗೆ ನೆಪ್ಪೇ ಇಲ್ಲ. ಹುತ್ತ ಬುಟ್ಟು ಬ್ಯಾರೆ ಕಡೆ ನಾನು ಕೈಯೇ ಹಾಕ್ಲಿಲ್ಲ. ನೆಪ್ಪೂ ಹೋಯ್ತು, ಕಣ್ಣೂ ಹೋಯ್ತು ಅನ್ಸ್ತೈತೆ."

ಅವಳಿಗೆ ಎಲ್ಲವೂ ಸರಿಯಾಗಿ ನೆನಪಿತ್ತು. ಅದು ನನಗೊಬ್ಬನಿಗೇ ಗೊತ್ತಿತ್ತು. ವಯಸ್ಸಾದವರಿಗೆ ಒಮ್ಮೊಮ್ಮೆ ಹಾಗಾಗುತ್ತದೆ ಎಂಬಂತೆ ಏನೋ ಗೊಣಗಿ ಎದ್ದು ಬಂದೆ.

ಆರನೆಯ ದಿನ ಹೊರಟೆ. ಇನ್ನೂ ಎರಡು ಪ್ಲೇಟು ಉಳಿದಿದ್ದವು, ತೆಗೆಯಲು ಮನಸ್ಸಾಗಲಿಲ್ಲ. ದೊಡ್ಡಬಳ್ಳಾಪುರಕ್ಕೆ ಹಿಂದಿರುಗದೆ ದಾಬಸ್‌ಪೇಟೆಗೆ ಹೋಗಿ ಬಸ್ಸು ಹಿಡಿಯುವುದು ಸುಲಭವೆಂದು ಮುನಿಶಾಮಪ್ಪನವರೇ ಗಾಡಿ ಗೊತ್ತುಮಾಡಿದ್ದರು. ಸಾಕಮ್ಮ ಏಳಬಾರದೆಂದರೂ ಎದ್ದು, ಬುತ್ತಿ ಕಟ್ಟಿ ಕೊಟ್ಟರು. ನಮ್ಮ ಮನೆಗೆ ಬಂದು ನಿಮಗೆ ಹೀಗೆ ತೊಂದರೆಯಾಯಿತಲ್ಲ ಎಂದು ಅವರೇ ನೊಂದುಕೊಂಡರು. ನಾನು ಅವರ ಮುಖ ನೋಡಲಾರದೆ ಹಗ್ಗ ಬಿಗಿಯುವ ನೆಪದಲ್ಲಿ ಗಾಡಿಯ ಹಿಂದಕ್ಕೆ ಹೋದೆ.

ಊರ ಹೊರಗೆ, ಹೊಂಗೆ ತೋಪಿನ ಹತ್ತಿರ, ಅಕ್ಕಯ್ಯಮ್ಮ ದಾರಿಯ ಪಕ್ಕ ನಿಂತಿದ್ದಳು. ನಾನು ಗಾಡಿ ನಿಲ್ಲಿಸಲು ಹೇಳಿದೆ. ಅವಳ ಅಂಗೈಯಲ್ಲಿ ಒಂದು ಅಣಬೆ ಇತ್ತು. ಆಗ ತಾನೇ ಕಿತ್ತದ್ದು, ಉದ್ದನೆಯ ಬೇರಿಗೆ ಮಣ್ಣು ಮೆತ್ತಿಕೊಂಡಿತ್ತು. ನಾಲ್ಕು ದಿನದ ಹಿಂದೆ ಬಂದಿದ್ದ ಪೇಟೆಯವನಾದ ನನ್ನ ಮುಂದೆ ಅವಳು ಅದನ್ನು ಹಿಡಿದಳು.

"ಇದು ಒಳ್ಳೇದೇ ಅಲ್ವಾ ಸ್ವಾಮಿ? ಒಸಿ ನೋಡಿ ಹೇಳಿ."

"ಒಳ್ಳೆಯದೇ," ಎಂದೆ. "ಹುತ್ತದ್ದು."

"ನಂಗೂ ಹಂಗೇ ಕಾಣ್ತೈತೆ," ಎಂದಳು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಬೇಲಿಯ ಆಚೆಗೆ ಬಿಸಾಡಿದಳು. ಒಳ್ಳೆಯದೆಂದು ನಾನು ಹೇಳಿದ ಮೇಲೂ ಬಿಸಾಡಿದಳು. ಹೇಳಬೇಕಾಗಿದ್ದ ಮಾತು ಹಲ್ಲಿನ ತನಕ ಬಂದಿತ್ತು. ಗಾಡಿ ಹೊಡೆಯುವವನು ಪಕ್ಕದಲ್ಲಿದ್ದಾನೆ ಎಂದು ನೆಪ ಹೇಳಿಕೊಂಡೆ. ಎತ್ತುಗಳು ನಡೆದವು. ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ಅವಳು ಅಲ್ಲೇ ನಿಂತು, ನನ್ನನ್ನಲ್ಲ, ಹುತ್ತದ ಕಡೆ ನೋಡುತ್ತಿದ್ದಳು.

ದೊಡ್ಡಬೆಳವಂಗಲದ ದಾರಿಯಾಗಿ ದಾಬಸ್‌ಪೇಟೆ ಸೇರುವಾಗ ಸಂಜೆ ನಾಲ್ಕಾಗಿತ್ತು. ಬಸ್ಸು ಇದ್ದಿಲಿನ ಹೊಗೆಯಿಂದ ಓಡುವಂಥದ್ದು. ಯುದ್ಧದ ಪೆಟ್ರೋಲ್ ಅಭಾವಕ್ಕೆ ಹಿಂದುಗಡೆ ಒಲೆಯಂಥ ಒಂದು ಡಬ್ಬ ಕಟ್ಟಿದ್ದರು. ಅದಕ್ಕೆ ಗಾಳಿ ತಿರುವಿ ಬೆಂಕಿ ಹಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಗಾಡಿಯವನು ಎತ್ತು ಬಿಚ್ಚಿ ಹುಲ್ಲು ಹಾಕಿ ಅಲ್ಲೇ ಕೂತಿದ್ದ. ಅವನ ಜೊತೆ ವಾಪಸು ಹೋಗಬಹುದು, ಒಂದು ದಿನ ತಡವಾದರೆ ಕಾಲೇಜು ಮುಳುಗುವುದಿಲ್ಲ ಎಂದು ಆ ಮುಕ್ಕಾಲು ಗಂಟೆಯೂ ನನಗೆ ನಾನೇ ಹೇಳಿಕೊಂಡೆ. ಎರಡು ಸಲ ಎದ್ದು ಅವನ ಹತ್ತಿರ ಹೋದೆ. ಎರಡು ಸಲವೂ ಎತ್ತಿನ ವಿಷಯ ಏನೋ ಕೇಳಿ ಹಿಂದಿರುಗಿದೆ. ಬಸ್ಸು ಕೆಮ್ಮುತ್ತ ಹೊರಟಾಗ ಹತ್ತಿ ಕೂತೆ. ನೆಲಮಂಗಲದಲ್ಲಿ ಎಲ್ಲರೂ ಇಳಿದು ಕಾಫಿ ಕುಡಿದರು. ನಾನು ಇಳಿಯಲಿಲ್ಲ.

ಬೆಂಗಳೂರಿನಲ್ಲಿ ಪ್ಲೇಟುಗಳನ್ನು ತೊಳೆದಾಗ ಹತ್ತರಲ್ಲಿ ಎಂಟು ಚೆನ್ನಾಗಿ ಬಂದಿದ್ದವು. ಜೋಡಿ ಅಣಬೆಗಳ ಚಿತ್ರ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಕಾಗದದ ಮೇಲೆ ಮೂಡಿಸಿದಾಗ ಕಪ್ಪು ಬಟ್ಟೆಯ ಮೇಲೆ ಹನ್ನೊಂದು ತಲೆಗಳು, ಬೂದು ಬಿಳಿ ಎರಡೂ ಒಂದೇ ಬಣ್ಣ. ಯಾವುದು ಯಾವುದೆಂದು ತೆಗೆದ ನನಗೇ ಗುರುತು ಹತ್ತಲಿಲ್ಲ. ಪ್ರೊಫೆಸರು ಅದನ್ನು ಬೆಳಕಿಗೆ ಹಿಡಿದು ಬಹಳ ಮೆಚ್ಚಿದರು. ಆ ತಿಂಗಳ ಕೊನೆಗೆ ನನ್ನ ಕೆಲಸ ಖಾಯಂ ಆಯಿತು.

ಎರಡು ತಿಂಗಳು ಕಳೆದ ಮೇಲೆ ತಡೆಯಲಾರದೆ ಮುನಿಶಾಮಪ್ಪನವರಿಗೆ ಪತ್ರ ಬರೆದೆ. ಕಾಲು ಕತ್ತರಿಸಿದ್ದು, ಮಳೆ ಬಂದಾಗ ಮಂಕರಿಗೆ ಸುರಿದದ್ದು, ತಿಪ್ಪೆಯಲ್ಲಿ ಹೂತದ್ದು, ಅವರು ಕೇಳಿದಾಗ ಸುಳ್ಳು ಹೇಳಿದ್ದು, ಒಂದನ್ನೂ ಬಿಡಲಿಲ್ಲ. ತಪ್ಪು ಪೂರ್ತಿ ನನ್ನದು, ಅಕ್ಕಯ್ಯಮ್ಮನ ಕಣ್ಣಿಗೆ ಏನೂ ಆಗಿಲ್ಲ, ಇದನ್ನು ಅವಳಿಗೆ ಓದಿ ಹೇಳಬೇಕು, ಊರಿನವರಿಗೂ ಹೇಳಬೇಕು ಎಂದು ಕೇಳಿಕೊಂಡೆ. ಅಂದೇ ಅಂಚೆ ಡಬ್ಬಿಗೆ ಹಾಕಿದೆ. ಬೈಗುಳದ ಉತ್ತರ ಬಂದರೆ ಒಳ್ಳೆಯದು ಎಂದುಕೊಂಡೆ.

ಉತ್ತರ ಬರಲು ಮೂರು ವಾರವಾಯಿತು. ಶಾಲೆಯ ಮೇಷ್ಟರ ಕೈಯಲ್ಲಿ ಬರೆಸಿದ ಕಾರ್ಡು. ಎಲ್ಲರೂ ಕ್ಷೇಮ, ರಾಗಿ ಕೊಯ್ಲು ನಡೆಯುತ್ತಿದೆ, ಸಾಕಮ್ಮ ಈಗ ಗುಣವಾಗಿದ್ದಾಳೆ ಎಂದು ಮೊದಲು ಬರೆದಿತ್ತು. ಪತ್ರವನ್ನು ಜಗಲಿಯಲ್ಲಿ ಎಲ್ಲರ ಎದುರಿಗೆ ಓದಿಸಿದರಂತೆ. ಅಕ್ಕಯ್ಯಮ್ಮ ಕೊನೆಯ ತನಕ ಕೇಳಿ, ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳಂತೆ. ಅವಳು ಹೇಳಿದ್ದನ್ನು ಮೇಷ್ಟರು ಹಾಗೆಯೇ ಬರೆದಿದ್ದರು: 'ಸ್ವಾಮಿಗಳದ್ದು ದೊಡ್ಡ ಮನಸ್ಸು. ಮುದುಕಿ ನೊಂದ್ಕೊಂಡವ್ಳೆ ಅಂತ ನನ್ನ ತಪ್ಪನ್ನ ತಮ್ಮ ತಲೆ ಮ್ಯಾಲೆ ಹಾಕ್ಕೊಂಡವ್ರೆ.'

ಊರಿನವರಿಗೂ ಹಾಗೆಯೇ ಅನ್ನಿಸಿತು ಎಂದು ಮುನಿಶಾಮಪ್ಪ ಬರೆಸಿದ್ದರು. ಇಂಥ ಒಳ್ಳೆಯವರು ಮುಂದಿನ ಮಳೆಗಾಲದಲ್ಲಿ ತಪ್ಪದೆ ತಮ್ಮ ಮನೆಗೆ ಬರಬೇಕಂತೆ. ಅಕ್ಕಯ್ಯಮ್ಮ ಮಾತ್ರ ಈಗ ಅಣಬೆಗೆ ಹೋಗುವುದಿಲ್ಲವಂತೆ.